ಮೀನಿನ ಬಲೆಯಲ್ಲಿ ಒಣಗಿದ ಎಳ್ಳು ಬೆಲ್ಲ

ಡಿಸೆಂಬರ್ ಕೊನೆಯ ವಾರ ಅಮ್ಮ ವಿಡಿಯೋ ಕಾಲ್ ಮಾಡಿದಾಗ ಮೊದಲು ಕಂಡಿದ್ದು ಅವಳ ಮುಖ ಅಲ್ಲ, ಅಡಕತ್ತರಿ. ಮೈಸೂರಿನ ನಮ್ಮ ಮನೆಯಲ್ಲಿ ಸಂಕ್ರಾಂತಿ ಶುರುವಾಗುವುದೇ ಹಾಗೆ. ಕೊಬ್ಬರಿಯ ಕಂದು ಸಿಪ್ಪೆ ಹೆರೆಯಬೇಕು. ಬೆಳ್ಳಗಾದ ಗಿಟುಕನ್ನು ಅಡಕತ್ತರಿಯಲ್ಲಿ ಸಣ್ಣಗೆ ಕತ್ತರಿಸಬೇಕು. ಬೆಲ್ಲವನ್ನೂ ಅದೇ ಅಳತೆಗೆ ತುಂಡು ಮಾಡಬೇಕು. ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಎಲ್ಲವನ್ನೂ ಒಣಗಿಸಬೇಕು. ಹದಿನೈದು ದಿನದ ಕೆಲಸ, ಬೆರಳಿಗೆ ಬೊಬ್ಬೆ ಗ್ಯಾರಂಟಿ. ಪ್ರತಿ ವರ್ಷ ಗೊಣಗಿಕೊಂಡೇ ಮಾಡುತ್ತಿದ್ದೆ.

"ಈ ಸಲ ನಿನ್ನ ಪಾಲಿನ ಕೊಬ್ಬರಿ ಯಾರೇ ಹೆಚ್ಚೋದು?" ಅಂದಳು.

ನಾನಿದ್ದದ್ದು ಜಪಾನಿನ ಕಗಾವಾದಲ್ಲಿ. ಶಿಕೊಕು ದ್ವೀಪದ ಈಶಾನ್ಯ ಮೂಲೆ, ಇಡೀ ದೇಶದಲ್ಲೇ ಅತಿ ಚಿಕ್ಕ ಪ್ರಾಂತ್ಯ. 2023ರ ಆಗಸ್ಟಿನಲ್ಲಿ ಜೆಟ್ ಕಾರ್ಯಕ್ರಮದಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕಿಯಾಗಿ ಹೋಗಿದ್ದೆ. ಹೊರದೇಶದ ಯುವಕ ಯುವತಿಯರನ್ನು ಕರೆಸಿ ಊರೂರಿನ ಶಾಲೆಗೆ ಕಳಿಸುವ ಈ ಏರ್ಪಾಡು 1987ರಿಂದ ನಡೆಯುತ್ತಿದೆ. ಬರುವವರಲ್ಲಿ ಅಮೆರಿಕದವರೇ ಜಾಸ್ತಿ. ಹಾಗಾಗಿ ಇಂಗ್ಲಿಷ್ ಹೇಳಿಕೊಡಲು ಭಾರತದ ಹುಡುಗಿ ಬಂದಾಗ ಮಕ್ಕಳಿಗೆ ಸ್ವಲ್ಪ ಗೊಂದಲವಾಯಿತು. ಆದರೆ ಒಂದು ವಿಷಯ ಅವರಿಗೆ ಚೆನ್ನಾಗಿ ಗೊತ್ತಿತ್ತು: ಭಾರತದವರಿಗೆಲ್ಲ ಹತ್ತೊಂಬತ್ತರ ಮಗ್ಗಿ ಬಾಯಿಪಾಠ ಬರುತ್ತದೆ. ಜಪಾನಿನಲ್ಲಿ ಈ ನಂಬಿಕೆ ಬಲು ಗಟ್ಟಿ. ಮೊದಲ ದಿನವೇ ಒಬ್ಬ ಎದ್ದು ನಿಂತು ಹತ್ತೊಂಬತ್ತು ಹತ್ತೊಂಬತ್ತಲ ಎಷ್ಟು ಅಂತ ಕೇಳಿದ. ನನಗೆ ಹನ್ನೆರಡರ ಆಚೆ ಮಗ್ಗಿ ಯಾವತ್ತೂ ಬಂದಿದ್ದಿಲ್ಲ. ನಾಳೆ ಹೇಳ್ತೀನಿ ಅಂತ ನಕ್ಕು ತಪ್ಪಿಸಿಕೊಂಡೆ. ಮರುದಿನ ಬಾಗಿಲಲ್ಲೇ 361 ಅಂತ ಒಪ್ಪಿಸಿದೆ.

ಅಲ್ಲಿ 2020ರಿಂದ ಐದು ಮತ್ತು ಆರನೇ ತರಗತಿಗೆ ಇಂಗ್ಲಿಷ್ ಅಂಕ ಕೊಡುವ ವಿಷಯವಾಗಿದೆ. ಪಾಠ ಮಾಡುವುದು ತರಗತಿಯ ಟೀಚರ್. ನಾನು ಪಕ್ಕದಲ್ಲಿ ನಿಂತು ಪದ ಹೇಳಬೇಕು, ಮಕ್ಕಳು ಒಟ್ಟಿಗೆ ಹೇಳಬೇಕು. ಮೂವತ್ತು ಮಕ್ಕಳು ಒಟ್ಟಿಗೆ ಕಿರುಚಿದಾಗ ಎಲ್ಲರಿಗೂ ಬರುತ್ತದೆ. ಒಬ್ಬರನ್ನೇ ಕೇಳಿದರೆ ಯಾರಿಗೂ ಬರುವುದಿಲ್ಲ. ತಪ್ಪಾದರೆ ಅನ್ನುವ ಭಯ. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಹೀಗೇ ಅಲ್ವಾ?

ಊಟದ ವಿಷಯ ಮಾತ್ರ ಕೇಳಲೇಬೇಡಿ. ಕಗಾವಾ ಅಂದರೆ ಊದೋನ್ ಊರು. ದಪ್ಪ ಶಾವಿಗೆ, ಬಿಸಿ ಸಾರು, ಗಲ್ಲಿಗೊಂದು ಅಂಗಡಿ. ಆ ಸಾರು ಕುದಿಸುವುದೇ ಇರಿಕೊ ಹಾಕಿ, ಅಂದರೆ ಒಣಮೀನು. ಮಾಂಸ ಇಲ್ಲ ಅಂತ ಖುಷಿಯಿಂದ ಎರಡು ವಾರ ತಿಂದ ಮೇಲೆ ನನಗೆ ಈ ಗುಟ್ಟು ತಿಳಿಯಿತು. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಅಂಥ ಊರಲ್ಲಿ ಎಳ್ಳು ಬೆಲ್ಲ ಎಲ್ಲಿಂದ ತರಲಿ ಅಂತ ಸುಮ್ನೆ ಒಂದು ಚೀಟಿ ಬರೆದುಕೊಂಡು ಸೂಪರ್ ಮಾರ್ಕೆಟ್ಟಿಗೆ ಹೋದೆ. ಮೊದಲ ಸಾಲಿನಲ್ಲೇ ಎಳ್ಳು. ಅದೂ ಬಿಳಿ, ಅದೂ ಹುರಿದದ್ದು. ಜಪಾನಿನವರು ಎಳ್ಳನ್ನು ನಮಗಿಂತ ಜಾಸ್ತಿ ತಿನ್ನುತ್ತಾರೇನೋ ಅನ್ನಿಸಿತು. ಕಡಲೆಕಾಯಿ ಬೀಜದಲ್ಲಿ ಚಿಬಾ ಪ್ರಾಂತ್ಯದ್ದು ಹೆಸರುವಾಸಿ. ಬೆಲೆ ನೋಡಿ ಎರಡು ಸಲ ಕೆಳಗಿಟ್ಟು ಚೀನಾದ್ದು ತಗೊಂಡೆ. ಕೇಕ್ ಸಾಮಾನಿನ ಹತ್ತಿರ ಉದ್ದುದ್ದ ತುರಿದ ಒಣಕೊಬ್ಬರಿ ಸಿಕ್ಕಿತು. ಸಿಪ್ಪೆ ಹೆರೆಯುವುದು ತಪ್ಪಿತಲ್ಲ ಅಂತ ನೆಮ್ಮದಿಯೂ ಆಯಿತು, ಏನೋ ಮೋಸ ಮಾಡಿದ ಹಾಗೂ ಆಯಿತು. ಬೆಲ್ಲದ ಜಾಗಕ್ಕೆ ಒಕಿನಾವಾದ ಕೊಕುತೊ. ಕಬ್ಬಿನ ಹಾಲು ಕಾಯಿಸಿ ಗಟ್ಟಿ ಮಾಡಿದ ಕಪ್ಪು ಸಕ್ಕರೆ. ನೋಡಲು ಬೆಲ್ಲವೇ. ನಾಲಿಗೆಗೆ ಮಾತ್ರ ಸ್ವಲ್ಪ ಉಪ್ಪು, ಕೊನೆಯಲ್ಲಿ ಒಂಚೂರು ಕಹಿ. ಮಂಡ್ಯದ ಬೆಲ್ಲದ ಮುಂದೆ ಇಡಲಾರೆ, ಆದರೆ ಸಂಬಂಧಿಕರು ಅಂತ ಒಪ್ಪಬಹುದು.

ಉಳಿದಿದ್ದು ಹುರಿಗಡಲೆ. ಅದು ಇಲ್ಲವೇ ಇಲ್ಲ ಅಂದುಕೊಂಡು ಹೊರಟವಳಿಗೆ ಬಿಲ್ ಕೌಂಟರಿನ ಪಕ್ಕ ಕೆಂಪು ರಾಕ್ಷಸನ ಮುಖವಾಡಗಳ ರಾಶಿ ಕಂಡಿತು. ಅದರ ಕೆಳಗೆ ಹುರಿದ ಸೋಯಾ ಕಾಳಿನ ಪ್ಯಾಕೆಟ್ಟುಗಳು. ಫೆಬ್ರವರಿ 3ರ ಸೆತ್ಸುಬುನ್ ಹಬ್ಬಕ್ಕೆ ಬಂದದ್ದು. ಅವತ್ತು ಮನೆಮನೆಯಲ್ಲಿ ಈ ಕಾಳು ಎರಚಿ "ರಾಕ್ಷಸ ಹೊರಗೆ, ಭಾಗ್ಯ ಒಳಗೆ" ಅಂತ ಕೂಗುತ್ತಾರೆ. ಆಮೇಲೆ ತಮಗೆಷ್ಟು ವಯಸ್ಸೋ ಅಷ್ಟು ಕಾಳು ತಿನ್ನುತ್ತಾರೆ. ಬಾಯಿಗೆ ಹಾಕಿ ನೋಡಿದೆ. ಹುರಿಗಡಲೆಯ ಹಾಗೇ ಕಟುಂ ಅಂತು. ನಾಲ್ಕು ಪ್ಯಾಕೆಟ್ ತಗೊಂಡೆ.

ಕೊಕುತೊ ತುಂಡು ಮಾಡಿದ ಮೇಲೆ ಕೈಗೆ ಅಂಟುತ್ತಿತ್ತು. ಬಾಲ್ಕನಿಯಲ್ಲಿ ಚಳಿಗಾಲದ ಒಳ್ಳೆ ಬಿಸಿಲಿದೆ, ಆದರೆ ಕಾಗೆಗಳೂ ಇವೆ. ನೂರು ಯೆನ್ ಅಂಗಡಿಯಲ್ಲಿ ನೇತುಹಾಕುವ ಬಲೆ ಬುಟ್ಟಿ ಸಿಕ್ಕಿತು. ಮೂರು ಅಂತಸ್ತು, ಸುತ್ತ ಜಿಪ್, ಗಾಳಿ ಬರುತ್ತದೆ, ಹಕ್ಕಿ ಬರುವುದಿಲ್ಲ. ಕ್ಯಾಮೆರಾ ತಿರುಗಿಸಿ ಅಮ್ಮನಿಗೆ ತೋರಿಸಿದೆ.

"ಭಾಳ ಚೆನ್ನಾಗಿದೆ ಕಣೇ. ಏನದು?"

"ಮೀನು ಒಣಗಿಸೋ ಬಲೆ."

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹೊಸದು ಕಣಮ್ಮ, ಮೀನು ಇದರ ಮುಖಾನೇ ನೋಡಿಲ್ಲ ಅಂದೆ. "ನಿಮ್ಮಜ್ಜಿಗೆ ಹೇಳಬೇಡ," ಅಂತ ಫೋನ್ ಇಟ್ಟಳು.

ಸಕ್ಕರೆ ಅಚ್ಚಿನ ಆಸೆ ಬಿಟ್ಟೇಬಿಟ್ಟಿದ್ದೆ. ಮರದ ಅಚ್ಚು ಎಲ್ಲಿಂದ ಬರಬೇಕು? ಒಂದು ದಿನ ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಮೇಲೆ ಪುಟ್ಟ ಸಿಹಿ ಇಟ್ಟರು. ಸೇವಂತಿಗೆ ಹೂವಿನ ಆಕಾರ, ಕೆನೆ ಬಣ್ಣ. ಬಾಯಿಗಿಟ್ಟರೆ ಸಕ್ಕರೆ ಅಚ್ಚು! ಅದು ವಸನ್‌ಬೊನ್. ಕಗಾವಾ ಮತ್ತು ಪಕ್ಕದ ತೊಕುಶಿಮಾದಲ್ಲಿ ಬೆಳೆಯುವ ಸಣಕಲು ಕಬ್ಬಿನಿಂದ ತೆಗೆದ ಸಕ್ಕರೆ. ನಮ್ಮ ಹಾಗೆ ಪಾಕ ಹೊಯ್ಯುವುದಿಲ್ಲ. ನುಣ್ಣನೆಯ ಸಕ್ಕರೆಗೆ ತೇವ ಮಾಡಿ ಕೆತ್ತಿದ ಮರದ ಅಚ್ಚಿಗೆ ಒತ್ತಿ ಬಡಿದು ತೆಗೆಯುತ್ತಾರೆ. ನಮ್ಮದರಲ್ಲಿ ಆನೆ, ಗಿಳಿ, ಬಸವ. ಅವರದರಲ್ಲಿ ಸೇವಂತಿಗೆ, ಮೇಪಲ್ ಎಲೆ, ಮೀನು. ನಾನು ಕೊಳ್ಳುವಾಗ ಮೀನು ಮಾತ್ರ ಬೇಡ ಅಂದೆ. ಈ ಹಬ್ಬದಲ್ಲಿ ಮೀನಿನ ಪಾಲು ಆಗಲೇ ಜಾಸ್ತಿಯಾಗಿತ್ತು.

ಮಕ್ಕಳಿಗೆ ಎಳ್ಳು ಬೀರಬೇಕು ಅನ್ನುವುದು ನನ್ನ ದೊಡ್ಡ ಯೋಜನೆ. ಉಪ ಮುಖ್ಯೋಪಾಧ್ಯಾಯರನ್ನು ಕೇಳಿದೆ. ಅವರು ಸಾಮಾನುಗಳ ಪಟ್ಟಿ ಬರೆಸಿಕೊಂಡು ಕೆಂಪು ಪೆನ್ನಿನಲ್ಲಿ ಒಂದೊಂದಕ್ಕೇ ಗುರುತು ಹಾಕಿದರು. ಕಡಲೆಕಾಯಿ, ಎಳ್ಳು, ಸೋಯಾ. ಐದರಲ್ಲಿ ಮೂರು ಅಲರ್ಜಿ ಪಟ್ಟಿಯಲ್ಲಿದ್ದವು. ಹಲ್ಲಿನ ನಡುವೆ ಗಾಳಿ ಎಳೆದುಕೊಂಡು "ಸ್ವಲ್ಪ ಕಷ್ಟ" ಅಂದರು. ಅಲ್ಲಿ ಸ್ವಲ್ಪ ಕಷ್ಟ ಅಂದರೆ ಆಗುವುದೇ ಇಲ್ಲ ಅಂತ. ಬೇಜಾರಾಯಿತು, ಆದರೆ ಅವರು ಹೇಳಿದ್ದು ಸರಿಯೇ.

"ಸ್ಟಾಫ್ ರೂಮಿನಲ್ಲಿ ಕೊಡಬಹುದು," ಅಂತ ಅವರೇ ಸೇರಿಸಿದರು. ಆಗ ಹೊಳೆಯಿತು. ಜಪಾನಿನಲ್ಲಿ ಯಾರೇ ಊರಿಗೆ ಹೋಗಿ ಬಂದರೂ ಎಲ್ಲರ ಮೇಜಿನ ಮೇಲೂ ಒಂದೊಂದು ಸಿಹಿ ಇಟ್ಟು ಹೋಗುತ್ತಾರೆ. ಒಬ್ಬರನ್ನೂ ಬಿಡುವ ಹಾಗಿಲ್ಲ. ಬಿಟ್ಟರೆ ಮಾತಾಗುತ್ತದೆ. ಚಿಕ್ಕವಳಿದ್ದಾಗ ತಟ್ಟೆ ಹಿಡಿದು ನಮ್ಮ ಬೀದಿ ಸುತ್ತುತ್ತಿದ್ದಾಗ ಅಮ್ಮ ಹೇಳಿ ಕಳಿಸುತ್ತಿದ್ದದ್ದೂ ಇದನ್ನೇ.

2024ರಲ್ಲಿ ಸಂಕ್ರಾಂತಿ ಬಂದದ್ದು ಜನವರಿ 15ಕ್ಕೆ, ಸೋಮವಾರ. ಬೆಳಗ್ಗೆ ಆರೂವರೆಗೆ ಬಾಗಿಲು ತಟ್ಟಿದ ಸದ್ದು. ಪಕ್ಕದ ಮನೆಯ ಅಜ್ಜಿ ಮುಚ್ಚಿದ ಬಟ್ಟಲು ಹಿಡಿದು ನಿಂತಿದ್ದರು. ಒಳಗೆ ಅನ್ನದ ಗಂಜಿ, ಅದರಲ್ಲಿ ಕೆಂಪು ಅಜುಕಿ ಕಾಳು. ಅಲ್ಲಿ ಜನವರಿ 15 ಚಿಕ್ಕ ಹೊಸವರ್ಷ. ಅವತ್ತು ಬೆಳಗ್ಗೆ ಈ ಗಂಜಿ ತಿಂದರೆ ವರ್ಷವಿಡೀ ರೋಗ ಬರುವುದಿಲ್ಲ ಅಂತ ನಂಬಿಕೆ. ಅಕ್ಕಿ, ಕಾಳು, ಒಂದೇ ಪಾತ್ರೆ, ಅದೇ ದಿನ. ಹುಗ್ಗಿ ನನ್ನನ್ನೇ ಹುಡುಕಿಕೊಂಡು ಬಂದಿತ್ತು. ಉಪ್ಪು ಬಿಟ್ಟು ಬೇರೇನೂ ಹಾಕಿರಲಿಲ್ಲ. ಬಾಗಿಲು ಹಾಕಿಕೊಂಡು ಕೊಕುತೊ ಪುಡಿ, ಮೈಸೂರಿನಿಂದ ತಂದಿದ್ದ ತುಪ್ಪದಲ್ಲಿ ಕೊನೆಯ ಚಮಚ ಹಾಕಿ ಕಲಸಿದೆ. ಊರಲ್ಲಿ ಆಗ ರಾತ್ರಿ ಮೂರು ಗಂಟೆ. ಅಮ್ಮನಿಗೆ ಫೋಟೋ ಮಾತ್ರ ಕಳಿಸಿದೆ.

ಶಾಲೆಯಲ್ಲಿ ಇಪ್ಪತ್ತಾರು ಮೇಜು, ಇಪ್ಪತ್ತಾರು ಪೊಟ್ಟಣ. ಒಂದೊಂದರಲ್ಲೂ ಎಳ್ಳು ಬೆಲ್ಲ, ಒಂದು ವಸನ್‌ಬೊನ್, ಅಲರ್ಜಿಯ ಚೀಟಿ. ಚೀಟಿಯ ಹಿಂದೆ "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅಂತ ಕನ್ನಡದಲ್ಲಿ, ಕೆಳಗೆ ಜಪಾನಿ ಭಾಷೆಯಲ್ಲಿ. ಉಪ ಮುಖ್ಯೋಪಾಧ್ಯಾಯರು ಮಧ್ಯಾಹ್ನ ಬಂದು ಇನ್ನೊಂದು ಇದೆಯಾ ಅಂದರು. ಹೆಂಡತಿಗಂತೆ. ಯಾಕೆ ಅಂತ ನಾನು ಕೇಳಲಿಲ್ಲ.

ಆರನೇ ತರಗತಿಯಲ್ಲಿ ಬೋರ್ಡಿನ ಮೇಲೆ ಕಬ್ಬು, ಬಣ್ಣ ಬಳಿದ ಹಸು ಬರೆದು ಆ ಮಾತಿನ ಅರ್ಥ ಹೇಳಿದೆ. ಪಕ್ಕದವರಿಗೆ ಇಂಗ್ಲಿಷಿನಲ್ಲಿ ಒಂದು ಒಳ್ಳೆ ಮಾತು ಹೇಳಿ ಅಂದೆ. ಒಬ್ಬ ಹುಡುಗಿ ಯೋಚಿಸಿ ಯೋಚಿಸಿ ಪಕ್ಕದ ಹುಡುಗನಿಗೆ "ನೀನು ಕಸ ಚೆನ್ನಾಗಿ ಗುಡಿಸ್ತೀಯ" ಅಂದಳು. ಅಲ್ಲಿ ದಿನಾ ತರಗತಿ ಗುಡಿಸುವುದು ಮಕ್ಕಳೇ. ಖುಷಿಪಡಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ಹಿಂದಿನ ಬೆಂಚಿನಿಂದ ಮಗ್ಗಿ ಕೇಳಿದ ಹುಡುಗ ಕೈ ಎತ್ತಿದ.

"ಸೆನ್ಸೆ, ನೀವು ಇದನ್ನು ಪ್ರತಿ ವರ್ಷ ತಿಂತೀರಾ?"

ಹೌದು ಅಂದೆ.

"ಮತ್ತೆ ನಿಮ್ಮ ಜಪಾನಿ ಭಾಷೆ ಯಾಕೆ ಹಾಗಿದೆ?"

ತರಗತಿಯ ಟೀಚರ್ ಮುಖ ಕೆಂಪಾಯಿತು. ಕ್ಷಮೆ ಕೇಳಿಸಲು ಹೊರಟಿದ್ದರು, ಅಷ್ಟರಲ್ಲಿ ನಾನೇ ನಕ್ಕುಬಿಟ್ಟೆ.

ಸಂಜೆ ಅಜ್ಜಿಯ ಬಟ್ಟಲು ತೊಳೆದೆ. ಬರಿದಾಗಿ ವಾಪಸ್ ಕೊಡುವುದು ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. ಎಳ್ಳು ಬೆಲ್ಲ ತುಂಬಿಕೊಂಡು ಹೋದೆ. ಅಜ್ಜಿ ಬಾಗಿಲಲ್ಲೇ ಸ್ವಲ್ಪ ಅಂಗೈಗೆ ಸುರಿದುಕೊಂಡು ಒಂದೊಂದನ್ನೇ ಗುರುತಿಸಿದರು. ಎಳ್ಳು, ಕಡಲೆಕಾಯಿ, ಕೊಕುತೊ. ಹುರಿದ ಸೋಯಾ ಕಾಳು ಕಂಡ ತಕ್ಷಣ ಅವನ್ನು ಮಾತ್ರ ಬೆರಳಲ್ಲಿ ಬದಿಗೆ ಸರಿಸಿ ಎಣಿಸತೊಡಗಿದರು.

"ಹನ್ನೊಂದು," ಅಂದರು. "ನನಗೆ ಎಂಬತ್ತೆರಡು. ಉಳಿದದ್ದು ಮುಂದಿನ ತಿಂಗಳು ಮೂರಕ್ಕೆ ತಗೊಂಡು ಬಾ."