ಕ್ರೌನ್ ಪಿನಿಯನ್ನಿನ ಹಲ್ಲಿನ ಲೆಕ್ಕ

ಮಂಗಳೂರಿನಲ್ಲಿ ಥಾರ್ ಬುಕ್ ಮಾಡಲು ಹೋದರೆ ಶೋರೂಮಿನವರು ಪೆಟ್ರೋಲಾ ಡೀಸೆಲಾ, ಗೇರಿನದ್ದಾ ಆಟೋಮ್ಯಾಟಿಕ್ಕಾ, ಫೋರ್ ವೀಲ್ ಬೇಕಾ, ಬಣ್ಣ ಯಾವುದು ಎಂದೆಲ್ಲ ಕೇಳುತ್ತಾರೆ. ಆಕ್ಸಲಿನೊಳಗೆ ಎಷ್ಟು ಹಲ್ಲಿನ ಕ್ರೌನ್ ಪಿನಿಯನ್ ಇರಬೇಕೆಂದು ಮಾತ್ರ ಯಾರೂ ಕೇಳುವುದಿಲ್ಲ. ಎಂಜಿನ್ ಕಡೆಯಿಂದ ಬರುವ ಶಾಫ್ಟಿನ ತುದಿಯ ಸಣ್ಣ ಹಲ್ಲುಚಕ್ರ ಪಿನಿಯನ್, ಅದು ತಿರುಗಿಸುವ ದೊಡ್ಡದು ಕ್ರೌನ್; ಗಾಡಿಯ ಚಕ್ರ ತಿರುಗುವುದು ಇವುಗಳಿಂದ. ಕಂಪೆನಿ ಹಾಕಿ ಕೊಟ್ಟದ್ದನ್ನು ತಕೊಂಡು ಬರುವುದು, ಅಷ್ಟೆ. ಅಮೆರಿಕದಲ್ಲಿ ಜೀಪ್ ರ‍್ಯಾಂಗ್ಲರ್ ಆರ್ಡರ್ ಮಾಡುವವರಿಗೆ ಆ ಪ್ರಶ್ನೆಯೂ ಉಂಟು. ಡೆನ್ವರಿನಲ್ಲಿರುವ ನನ್ನ ಅಕ್ಕನ ಮಗ ಜನವರಿಯಲ್ಲಿ ಊರಿಗೆ ಬರುವಾಗ ಅದನ್ನು ಲ್ಯಾಪ್‌ಟಾಪಿನಲ್ಲಿ ಹೊತ್ತುಕೊಂಡೇ ಬಂದಿದ್ದ.

"ಮಾವ, 3.45, 3.73, 4.10 ಅಂತ ಉಂಟು. ಯಾವುದು ಹಾಕ್ಲಿ? ಡೀಲರಿಗೆ ಈ ವಾರ ಹೇಳ್ಬೇಕು."

ಚಕ್ರ ಒಂದು ಸುತ್ತು ಬರಲು ಶಾಫ್ಟ್ ಎಷ್ಟು ಸುತ್ತು ಬರಬೇಕು ಎಂಬ ಲೆಕ್ಕ ಅದು. ಎರಡು ದಿನದಿಂದ ಅವನು ಓದಿದ್ದೇ ಓದಿದ್ದು. ಕೆಲವರ ಪ್ರಕಾರ ನಂಬರು ದೊಡ್ಡದಾದಷ್ಟೂ ಒಳ್ಳೆಯದು, ಕೆಲವರ ಪ್ರಕಾರ ಎಂಟು ಗೇರಿನ ಆಟೋಮ್ಯಾಟಿಕ್ಕಿನಲ್ಲಿ ಯಾವುದಿದ್ದರೂ ಗೊತ್ತೇ ಆಗುವುದಿಲ್ಲ. ಅವನ ಯೋಚನೆ ಹೀಗಿತ್ತು: ಕಡಿಮೆ ಬೆಲೆಯ ಸ್ಪೋರ್ಟ್ ಮಾಡೆಲನ್ನು 3.45ರಲ್ಲೇ ತೆಗೆದುಕೊಳ್ಳುವುದು, ಉಳಿದ ದುಡ್ಡಿನಲ್ಲಿ ಒಂದು ವರ್ಷ ಬಿಟ್ಟು 35 ಇಂಚಿನ ಟಯರ್ ಹಾಕಿಸುವುದು. ಆಮೇಲೆ ಯುಟಾದ ಮೋಆಬಿಗೆ ಹೋಗಿ ಬಂಡೆ ಹತ್ತುವುದು.

ಬಾಯಲ್ಲಿ ಹೇಳಿದರೆ ಇವನ ತಲೆಗೆ ಹೋಗುವ ಪೈಕಿ ಅಲ್ಲ. ಹೇಗೂ ನನ್ನ ಜೀಪು ಹಿಂದಿನ ಹಬ್ಬಿನಲ್ಲಿ ಆಯಿಲ್ ಸೋರುತ್ತದೆಂದು ಪಡೀಲಿನ ಗ್ಯಾರೇಜಿನಲ್ಲಿತ್ತು. ಬೆಳಿಗ್ಗೆ ನೀರುದೋಸೆ ಮುಗಿಸಿ ಅವನನ್ನು ಅಲ್ಲಿಗೇ ಕರೆದುಕೊಂಡು ಹೋದೆ.

ಜೀಪು ಅಪ್ಪನ ಕಾಲದ್ದು, ಮಹೀಂದ್ರ ಸಿಜೆ 3ಬಿ. 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್, ಮೂರು ಗೇರು. ಊರವರೆಲ್ಲ ಡೀಸೆಲ್ ಎಂಜಿನ್ ಕೂರಿಸಿಕೊಂಡ ಕಾಲದಲ್ಲೂ ಅಪ್ಪ ಒಪ್ಪಲಿಲ್ಲ. ಈಗ ಪೆಟ್ರೋಲ್ ಹಾಕಿಸುವವ ನಾನು, ಹಾಗಾಗಿ ಅದರ ವಿಷಯ ಹೆಚ್ಚು ಮಾತಾಡುವುದಿಲ್ಲ.

ಗ್ಯಾರೇಜಿನಲ್ಲಿ ಕೆಲಸ ಮುಗಿದಿತ್ತು, ಗಾಡಿ ಇನ್ನೂ ಜಾಕಿನ ಮೇಲೆಯೇ ಇತ್ತು. ಹಿಂದಿನ ಎಡಗಡೆಯ ಚಕ್ರ ಮಾತ್ರ ನೆಲದಿಂದ ಮೇಲೆ. ನಾನು ಬಂದ ಕಾರಣ ಹೇಳಿದಾಗ ಮೆಕ್ಯಾನಿಕ್ ಅಣ್ಣ ನಕ್ಕರು. "ಅಮೆರಿಕದವರಿಗೆ ಪಡೀಲಿನಲ್ಲಿ ಟ್ಯೂಶನ್ನಾ ಶೆಟ್ರೆ?" ಎಂದು ಕೇಳಿ, ಉಳಿದ ಮೂರು ಚಕ್ರಗಳಿಗೂ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟರು. ಈ ಜೀಪಿನ ಹ್ಯಾಂಡ್ ಬ್ರೇಕ್ ಹಿಡಿಯುವುದು ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು, ಬಿಡದಿದ್ದರೆ ಚಕ್ರ ತಿರುಗುವುದಿಲ್ಲ. ಶಾಫ್ಟಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ಒಂದು ಗೆರೆ, ಟಯರಿನ ಮೇಲೆ ಇನ್ನೊಂದು. ಅಳಿಯನನ್ನು ಗಾಡಿಯಡಿಗೆ ಗೋಣಿಚೀಲದ ಮೇಲೆ ಮಲಗಿಸಿದರು.

"ನಾನು ಟಯರನ್ನು ಸರಿಯಾಗಿ ಎರಡು ಸುತ್ತು ತಿರುಗಿಸ್ತೇನೆ. ಮೇಲೆ ಶಾಫ್ಟ್ ಎಷ್ಟು ಸುತ್ತು ಬರ್ತದೆ ನೋಡಿ."

"ಒಂದೇ ಸುತ್ತು ಸಾಕಲ್ವಾ?"

"ಒಂದು ಚಕ್ರ ನೆಲದಲ್ಲಿ ಉಂಟಲ್ಲ. ಅದು ನಿಂತಿರುವಾಗ ಇದು ಎರಡು ಸುತ್ತಿದರೆ ಕ್ರೌನಿಗೆ ಸಿಗುವುದು ಒಂದೇ ಸುತ್ತು. ಡಿಫರೆನ್ಶಿಯಲ್ ಅಂದ್ರೆ ಅದೇ."

ಟಯರ್ ನಿಧಾನಕ್ಕೆ ತಿರುಗಿತು. ಕೆಳಗಿನಿಂದ ಅಳಿಯ ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸಿದ. ಐದು ಸುತ್ತು ಮುಗಿದು ಆರನೆಯದರ ಅರ್ಧಕ್ಕೂ ಮೊದಲೇ ಗೆರೆ ನಿಂತಿತು. ಮೆಕ್ಯಾನಿಕ್ ಅಣ್ಣ ಕೈ ಒರೆಸಿಕೊಂಡು ಒಳಗೆ ಹೋಗಿ ಕಪಾಟಿನ ಕೆಳಗಿನಿಂದ ಹಳೆಯ ಒಂದು ಸೆಟ್ ತಂದು ಅವನ ಎದುರಿಗೆ ಇಟ್ಟರು. ಗ್ರೀಸಿನ ಮೇಲೆ ಧೂಳು ಕೂತು ಕಪ್ಪು ಮೇಣದ ಹಾಗೆ ಆಗಿತ್ತು. ಬೆರಳಲ್ಲಿ ಒರೆಸಿದ ಕಡೆ ಮಾತ್ರ ಹಲ್ಲು ಬೆಳ್ಳಗೆ ಹೊಳೆಯಿತು. ಪಿನಿಯನ್ನಿನಲ್ಲಿ 8 ಹಲ್ಲು, ಕ್ರೌನಿನಲ್ಲಿ 43. ಎರಡರಲ್ಲೂ ಹಲ್ಲುಗಳು ನೇರವಿಲ್ಲ, ಬಳಸಿಕೊಂಡು ಹೋದ ಬಾಗು. ಒಂದೊಂದು ಹಲ್ಲಿನ ಮಧ್ಯಕ್ಕೂ ತಿಕ್ಕಿದ ಗುರುತು, ಅಂಚಿಗೆ ಇಲ್ಲ. "ಶಿಮ್, ಅಂದ್ರೆ ನಡುವೆ ಇಡುವ ತೆಳು ತಗಡು, ಸರಿ ಕೂರಿಸಿದ್ದರೆ ಗುರುತು ಹೀಗೆ ನಡುವಿಗೆ ಬೀಳ್ತದೆ. ಅಂಚಿಗೆ ಬಿದ್ದರೆ ಕೂಗಲಿಕ್ಕೆ ಶುರು" ಎಂದರು. 43ನ್ನು 8ರಿಂದ ಭಾಗಿಸಿದರೆ 5.375. ಪುಸ್ತಕದಲ್ಲಿ 5.38 ಎಂದು ಬರೆಯುತ್ತಾರೆ.

ಅಳಿಯನ ಮುಖದಲ್ಲಿ ಬೆಳಕು ಮೂಡಿದ್ದು ಆಗ. ಇಷ್ಟು ದಿನ ಅವನಿಗೆ ಅದು ಕಂಪ್ಯೂಟರಿನಲ್ಲಿ ಒತ್ತುವ ಒಂದು ನಂಬರು. ಈಗ ಅವನೇ ಫೋನ್ ತೆಗೆದು ಲೆಕ್ಕ ಹಾಕಿದ. 41 ಹಲ್ಲಿನ ಕ್ರೌನಿಗೆ 11 ಹಲ್ಲಿನ ಪಿನಿಯನ್ ಕೊಟ್ಟರೆ 3.73, 10 ಕೊಟ್ಟರೆ 4.10, 9 ಕೊಟ್ಟರೆ 4.56. ಹಲ್ಲು ಕಡಿಮೆಯಾದಂತೆ ಪಿನಿಯನ್ ಸಣ್ಣದಾಗುತ್ತದೆ, ಗಟ್ಟಿಯೂ ಅಷ್ಟು ಕಡಿಮೆಯಾಗುತ್ತದೆ. ನಂಬರು ದೊಡ್ಡದಾದಷ್ಟೂ ಒಳ್ಳೆಯದು ಎನ್ನುವವರು ಇದನ್ನು ಹೇಳುವುದಿಲ್ಲ.

ಮಧ್ಯಾಹ್ನ ಗಾಡಿ ತೆಗೆದುಕೊಂಡು ಬೆಳ್ತಂಗಡಿ ಕಡೆಯ ನಮ್ಮ ತೋಟಕ್ಕೆ ಹೊರಟೆವು. ಸ್ಟಿಯರಿಂಗ್ ಅವನ ಕೈಯಲ್ಲಿ. ಫರಂಗಿಪೇಟೆ ದಾಟಿ ಬಿ.ಸಿ. ರೋಡಿನವರೆಗೆ ಅವನು ಮಾತೇ ಆಡಲಿಲ್ಲ, ಆಡಿದರೂ ಕೇಳುತ್ತಿರಲಿಲ್ಲ. 28 ಇಂಚಿನ ಸಣ್ಣ ಟಯರು, 5.38ರ ಕ್ರೌನು, ಟಾಪ್ ಗೇರಿನಲ್ಲಿ ನೇರ ಒಂದಕ್ಕೆ ಒಂದು. ಗಂಟೆಗೆ 60 ಕಿಲೋಮೀಟರಿಗೆ ಎಂಜಿನ್ ನಿಮಿಷಕ್ಕೆ ಸುಮಾರು 2,400 ಸುತ್ತು ತಿರುಗುತ್ತದೆ. 80ಕ್ಕೆ ಹೋದರೆ 3,200. ಆ ಹೊತ್ತಿಗೆ ಎದುರಿನ ಗ್ಲಾಸಿನಿಂದ ಹಿಡಿದು ಸೀಟಿನಡಿಯ ಸ್ಪ್ಯಾನರಿನವರೆಗೆ ಎಲ್ಲವೂ ನಡುಗುತ್ತವೆ. ಕಲ್ಲು ತುಂಬಿದ ಟಿಪ್ಪರೊಂದು ಹಾರ್ನ್ ಹಾಕುತ್ತಾ ನಮ್ಮನ್ನು ಹಿಂದೆ ಹಾಕಿತು.

"ಮಾವ, ಇನ್ನೊಂದು ಗೇರ್ ಇಲ್ವಾ?" ಎಂದು ಕಿರುಚಿದ.

"ಇಲ್ಲ ಮಾರಾಯ. ಇದು ಹೈವೇಗೆ ಮಾಡಿದ ಗಾಡಿ ಅಲ್ಲ."

ತೋಟದ ದಾರಿಗೆ ತಿರುಗಿದ ಮೇಲೆ ಅದೇ ಜೀಪು ಬೇರೆಯೇ ಆಯಿತು. ಮುರಕಲ್ಲು ಕಡಿದು ಮಾಡಿದ ಏರು, ಮಳೆಗಾಲದ ನೀರು ಕೊರೆದ ಚರಂಡಿ, ಅದರ ಮೇಲೆ ಒಣಗಿ ಬಿದ್ದ ಅಡಿಕೆ ಸೋಗೆ. ಫೋರ್ ವೀಲ್ ಹಾಕಿ, ಗಾಡಿಯನ್ನು ಇನ್ನೂ ನಿಧಾನ ಮಾಡುವ ಲೋ ಗೇರು ಎಳೆದು, ಫಸ್ಟಿನಲ್ಲಿ ಕ್ಲಚ್ ಬಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆಯಲು ಹೇಳಿದೆ. ಜೀಪು ತನ್ನಷ್ಟಕ್ಕೆ ಏರಿತು. ಮುಂದಿನ ಚಕ್ರ ಮುರಕಲ್ಲಿನ ಮೆಟ್ಟಿಲಿಗೆ ತಾಗಿದಾಗ ಎಂಜಿನ್ ಸದ್ದು ಒಂದು ಕ್ಷಣ ದಪ್ಪವಾಯಿತು, ಮತ್ತೆ ಸರಿಹೋಯಿತು. ಇಳಿಯುವಾಗಲೂ ಬ್ರೇಕ್ ಮುಟ್ಟಬೇಕಾಗಲಿಲ್ಲ. ಅಳಿಯ ಕಿಟಕಿಯಿಲ್ಲದ ಬದಿಯಿಂದ ತಲೆ ಹೊರಗೆ ಹಾಕಿ ಚಕ್ರ ತಿರುಗುವುದನ್ನೇ ನೋಡುತ್ತಿದ್ದ.

ಇಷ್ಟು ನೋಡಿದ ಯಾರಿಗಾದರೂ ಅನಿಸುವುದು ಒಂದೇ: ಏರು ಹತ್ತಿಸಿದ್ದು 5.38, ಹಾಗಾದರೆ ದೊಡ್ಡ ನಂಬರೇ ಬೇಕು. ಅವನೂ ಅದನ್ನೇ ಹೇಳಿದ. ನಾನು ಅವನನ್ನು ಅಡಿಕೆ ಅಂಗಳದ ಕಟ್ಟೆಯ ಮೇಲೆ ಕೂರಿಸಿ ಲೆಕ್ಕ ಮಾಡಿಸಿದೆ. ಬಂಡೆಯ ಮೇಲೆ ಗಾಡಿ ಎಷ್ಟು ನಿಧಾನ ತೆವಳುತ್ತದೆ ಎಂಬುದಕ್ಕೆ ಮೂರು ಸಂಖ್ಯೆ ಗುಣಿಸಬೇಕು: ಫಸ್ಟ್ ಗೇರು, ಟ್ರಾನ್ಸ್‌ಫರ್ ಕೇಸಿನ (ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲಿಗೆ ಹಂಚುವ ಪೆಟ್ಟಿಗೆ) ಲೋ, ಆಕ್ಸಲು. ನನ್ನ ಜೀಪಿನಲ್ಲಿ 2.8, 2.46, 5.38, ಒಟ್ಟು ಸುಮಾರು 37. ಅವನ ಸ್ಪೋರ್ಟಿನಲ್ಲಿ ಫಸ್ಟ್ 4.71, ಲೋ 2.72, ಆಕ್ಸಲ್ 3.45, ಒಟ್ಟು 44. ಅಂದರೆ ಅವನು ಬೇಡವೋ ಬೇಕೋ ಎಂದು ಯೋಚಿಸುತ್ತಿದ್ದ 3.45 ಕೂಡ ಅಪ್ಪನ ಜೀಪಿಗಿಂತ ನಿಧಾನ ತೆವಳುತ್ತದೆ. ದುಬಾರಿಯ ರೂಬಿಕಾನ್ ಮಾಡೆಲಿನಲ್ಲಿ ಆಕ್ಸಲ್ 4.10, ಟ್ರಾನ್ಸ್‌ಫರ್ ಕೇಸಿನ ಲೋ 4. ಫಸ್ಟ್ ಅದೇ 4.71, ಗುಣಿಸಿದರೆ 77. ಅಲ್ಲಿ ಆಕ್ಸಲನ್ನು 3.45ಕ್ಕೆ ಇಳಿಸಿದರೂ 65 ಉಳಿಯುತ್ತದೆ. ಆಕ್ಸಲ್ 4.10 ಇಟ್ಟು ಲೋ ಮಾತ್ರ 2.72 ಮಾಡಿದರೆ 53ಕ್ಕೂ ಸ್ವಲ್ಪ ಕಡಿಮೆ. ಬಂಡೆ ಹತ್ತಿಸುವ ಕೆಲಸದ ಹೆಚ್ಚಿನ ಪಾಲು ಆ ಟ್ರಾನ್ಸ್‌ಫರ್ ಕೇಸಿನದ್ದು, ಹೆಸರು ಮಾತ್ರ ಆಕ್ಸಲಿಗೆ.

ಹಾಗಾದರೆ ಆಕ್ಸಲಿನ ನಂಬರು ಯಾತಕ್ಕೆ? ಟಯರಿಗೆ. ಇಲ್ಲಿ ಮೆಕ್ಯಾನಿಕ್ ಅಣ್ಣ ಬೆಳಿಗ್ಗೆ ಹೇಳಿದ್ದು ನೆನಪಿಸಿದೆ: ಟಯರ್ ದೊಡ್ಡದು ಮಾಡುವುದೆಂದರೆ ಗಾಡಿಗೆ ಉದ್ದ ಕಾಲು ಕೊಟ್ಟ ಹಾಗೆ, ಒಂದು ಹೆಜ್ಜೆಗೆ ಹೆಚ್ಚು ದೂರ ಹೋಗುತ್ತದೆ, ಆದರೆ ಗುಡ್ಡೆಯಲ್ಲಿ ಹೆಜ್ಜೆಹೆಜ್ಜೆಗೂ ಹೆಚ್ಚು ದಮ್ಮು ಬೇಕು. ಸ್ಪೋರ್ಟಿಗೆ ಬರುವ ಟಯರ್ ಸುಮಾರು 31.5 ಇಂಚು. ಅದನ್ನು ತೆಗೆದು 35 ಹಾಕಿದರೆ 3.45 ಇದ್ದದ್ದು 3.1 ಇದ್ದ ಹಾಗೆ ಆಗುತ್ತದೆ. ಮೊದಲಿನಂತೆ ಎಳೆಯಬೇಕಾದರೆ 3.83 ಬೇಕು, ಅಂದರೆ 3.73 ಕೂಡ ಸಾಲದು. ಎಂಟನೇ ಗೇರು 0.67. ಗಂಟೆಗೆ 70 ಮೈಲಿ ವೇಗದಲ್ಲಿ ಎಂಜಿನ್ ಸುಮಾರು 1,550 ಸುತ್ತಿಗೆ ಇಳಿಯುತ್ತದೆ. ಅವನ ಮನಸ್ಸಿನಲ್ಲಿದ್ದ 3.6 ಲೀಟರಿನ ಆರು ಸಿಲಿಂಡರಿಗೆ ಟರ್ಬೊ ಇಲ್ಲ, ಅದರ ಪುಲ್ಲಿಂಗ್ ಪೂರ್ತಿ ಬರುವುದು 4,800ರ ಹತ್ತಿರ. ಅದೂ ಅವನಿರುವ ಊರು ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿ, 1,600 ಮೀಟರ್. ಅಲ್ಲಿಂದ ಪಶ್ಚಿಮಕ್ಕೆ ಹೊರಟರೆ ಐಸೆನ್‌ಹೋವರ್ ಸುರಂಗದ ಹತ್ತಿರ ರಸ್ತೆ 3,400 ಮೀಟರ್ ಮುಟ್ಟುತ್ತದೆ. ಗಾಳಿ ತೆಳುವಾದಷ್ಟೂ ಇಂಥ ಎಂಜಿನ್ ಸೊರಗುತ್ತದೆ. ಮೋಆಬಿಗೆ ಹೋಗುವ ದಾರಿಯೂ ಅದೇ.

"ಆಗ ಎಂಟನೇ ಗೇರು?"

"ಹೆಸರಿಗೆ ಉಂಟು. ಬೀಳುವುದೇ ಇಲ್ಲ."

ಟಯರ್ ಹಾಕಿಸಿದ ಮೇಲೆ ಕ್ರೌನ್ ಪಿನಿಯನ್ ಬದಲಿಸಿದರಾಯಿತು ಎಂದು ಅವನು ಇನ್ನೊಂದು ದಾರಿ ಹುಡುಕಿದ. ಆಗುತ್ತದೆ. ಆದರೆ ಫೋರ್ ವೀಲ್ ಗಾಡಿಯಲ್ಲಿ ಹಿಂದಿನದ್ದು ಮಾತ್ರ ಬದಲಿಸಿ ಮುಂದಿನದ್ದನ್ನು ಹಾಗೇ ಬಿಡುವಂತಿಲ್ಲ. ಎರಡೂ ಒಂದೇ ಇರಬೇಕು. ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಮುಂದಿನ ಚಕ್ರ ಒಂದು ಲೆಕ್ಕದಲ್ಲಿ, ಹಿಂದಿನದ್ದು ಇನ್ನೊಂದು ಲೆಕ್ಕದಲ್ಲಿ ತಿರುಗಲು ನೋಡಿ, ಜಗಳವೆಲ್ಲ ಟ್ರಾನ್ಸ್‌ಫರ್ ಕೇಸಿನ ಮೈಮೇಲೆ ಬೀಳುತ್ತದೆ. ಎರಡು ಹೌಸಿಂಗ್ ಬಿಚ್ಚಬೇಕು, ಎರಡು ಸೆಟ್ಟಿಗೂ ಶಿಮ್ ಕೂರಿಸಬೇಕು, ಆ ಹಲ್ಲಿನ ನಡುವಿನ ಗುರುತು ಎರಡರಲ್ಲೂ ಸರಿ ಬರಬೇಕು. ನಮ್ಮ ಪಡೀಲಿನಲ್ಲಿ ಕೂಲಿ ಎಷ್ಟೆಂದು ಗೊತ್ತಿದ್ದವರಿಗೆ ಅದು ದೊಡ್ಡದಲ್ಲ. ಅಮೆರಿಕದಲ್ಲಿ ಗಂಟೆ ಲೆಕ್ಕದಲ್ಲಿ ಕೂಲಿ ಕೊಡುವವನು ಅದನ್ನು ಗಾಡಿ ಕೊಳ್ಳುವ ದಿನವೇ ಯೋಚಿಸಬೇಕು. ಕಾರ್ಖಾನೆಯಲ್ಲಿ ಹಾಕಿ ಬಂದದ್ದಕ್ಕೆ ವಾರಂಟಿಯ ತಂಟೆಯೂ ಇಲ್ಲ.

ಸಂಜೆ ಬಿಜೈಯ ಮನೆಗೆ ಬಂದಾಗ ಇಬ್ಬರ ಮೈಯಲ್ಲೂ ಕೆಂಪು ಧೂಳು. ಅಕ್ಕ ಬಾಗಿಲಲ್ಲೇ ನಿಲ್ಲಿಸಿ ಮೊದಲು ಸ್ನಾನ ಎಂದಳು. ಮಗ ಗಾಡಿಯಡಿಗೆ ಮಲಗಿ ಸುತ್ತು ಎಣಿಸಿದ ಸಂಗತಿ ಕೇಳಿ, "ಅಷ್ಟು ಓದಿಸಿ ಅಮೆರಿಕಕ್ಕೆ ಕಳಿಸಿದ್ದು ಇದಕ್ಕಾ?" ಎಂದು ನನ್ನನ್ನೇ ಬೈದಳು. ಊಟಕ್ಕೆ ಕೋರಿ ರೊಟ್ಟಿ ಇದ್ದದ್ದರಿಂದ ನಾನು ಎದುರಾಡಲಿಲ್ಲ.

ರಾತ್ರಿ ಅವನೇ ಒಂದು ಪ್ರಶ್ನೆ ಕೇಳಿದ, ಅದು ನನಗೆ ಇಡೀ ದಿನದಲ್ಲಿ ಹೆಚ್ಚು ಇಷ್ಟವಾದ ಪ್ರಶ್ನೆ. 35ರ ಟಯರ್ ತನಗೆ ಯಾಕೆ ಬೇಕು? ಅವನ ಗಾಡಿ ಹೆಚ್ಚಿನ ದಿನ ಆಫೀಸಿಗೆ ಹೋಗುತ್ತದೆ, ಚಳಿಗಾಲದಲ್ಲಿ ಹಿಮದ ಬೆಟ್ಟಕ್ಕೆ ಹೋಗುತ್ತದೆ, ವರ್ಷಕ್ಕೆ ಯಾವಾಗಲೋ ಮೋಆಬಿಗೆ. ರೂಬಿಕಾನಿಗೆ ಕಂಪೆನಿಯೇ 33 ಇಂಚಿನ ಟಯರ್ ಕೊಡುತ್ತದೆ, ಅದಕ್ಕೆ ಸರಿಯಾಗಿ 4.10. ಅದೇ 70 ಮೈಲಿ ವೇಗದಲ್ಲಿ ಎಂಜಿನ್ 2,000ಕ್ಕೆ ಸ್ವಲ್ಪ ಕೆಳಗೆ ನಿಲ್ಲುತ್ತದೆ, ನನ್ನ ಜೀಪಿನ ಹಾಗೆ ಕಿರುಚುವುದೂ ಇಲ್ಲ, ಉಸಿರು ಕಟ್ಟುವುದೂ ಇಲ್ಲ. ಎರಡು ಆಕ್ಸಲಿಗೂ ಲಾಕರ್ ಉಂಟು, ಒಂದು ಆಕ್ಸಲಿನ ಎರಡು ಚಕ್ರವನ್ನೂ ಒಟ್ಟಿಗೆ ತಿರುಗಿಸುವಂಥದ್ದು. ಸ್ಪೋರ್ಟಿನ ಬೆಲೆಗೆ ಟಯರು, ಕ್ರೌನ್ ಪಿನಿಯನ್, ಲಾಕರ್, ಕೂಲಿ ಎಲ್ಲ ಸೇರಿಸಿ ಅವನೇ ಒಂದು ಚೀಟಿ ಬರೆದ. ಉಳಿತಾಯ ಎಂದುಕೊಂಡದ್ದು ಅಲ್ಲಿ ಕಾಣಲಿಲ್ಲ. ರೂಬಿಕಾನ್, 4.10, ಆಟೋಮ್ಯಾಟಿಕ್ ಎಂದು ಒತ್ತಿದ. ಬಣ್ಣ ಕಪ್ಪು. ಮಣ್ಣಿನಲ್ಲಿ ಓಡಿಸುವ ಗಾಡಿಗೆ ಕಪ್ಪು ಬಣ್ಣ ಹಾಕುವವರ ಬಗ್ಗೆ ನನಗೆ ಮೊದಲಿನಿಂದಲೂ ಅಷ್ಟು ಗೌರವ ಇಲ್ಲ, ಆದರೆ ಅದು ನನ್ನ ಹತ್ತಿರ ಕೇಳಿದ ಪ್ರಶ್ನೆ ಅಲ್ಲ.

ಗಾಡಿ ಕೈಗೆ ಬಂದ ಮೇಲೆ ಫೋನ್ ಮಾಡಿದ್ದ. ಸುರಂಗದ ಏರಿನಲ್ಲಿ ಎಂಟರಿಂದ ಆರಕ್ಕೆ ಇಳಿಯುತ್ತದಂತೆ, ಇಳಿದು ಅಲ್ಲೇ ನಿಲ್ಲುತ್ತದಂತೆ, ಮೇಲೆ ಕೆಳಗೆ ಹುಡುಕಾಡುವುದಿಲ್ಲವಂತೆ. ಅದು ಕೇಳಿ ಮೆಕ್ಯಾನಿಕ್ ಅಣ್ಣನಿಗೂ ಖುಷಿ. ಆಟೋಮ್ಯಾಟಿಕ್ ಎಂಬುದೊಂದು ಬಿಟ್ಟರೆ ಎಲ್ಲ ಸರಿಯಾಗಿ ಮಾಡಿದ್ದಾನೆ ಎಂದರು.

ಕಳೆದ ತಿಂಗಳು ಪುನಃ ಶುರು ಮಾಡಿದ. ಗೆಳೆಯನೊಬ್ಬ 35 ಇಂಚಿನ ಟಯರ್ ಹಾಕಿಸಿದ್ದಾನಂತೆ, ನೋಡಲು ಭಾರೀ ಚಂದವಂತೆ. 4.10ನ್ನು 35ರಿಂದ ಗುಣಿಸಿ 33ರಿಂದ ಭಾಗಿಸಲು ಹೇಳಿದೆ. 4.35 ಬಂತು. "ಹಾಗಾದ್ರೆ 4.56 ಹಾಕ್ಬೇಕಾಗ್ತದೆ ಅಲ್ವಾ ಮಾವ, ಎರಡು ಆಕ್ಸಲಿಗೂ?" ಎಂದ. ಹೌದು ಎಂದೆ. ಆ ಕಡೆಯಿಂದ ಅವನ ಹೆಂಡತಿಯ ದನಿ ಕೇಳಿಸಿತು, ಈಗಲೇ ಹತ್ತಲು ಏಣಿ ಬೇಕು, ಇನ್ನೂ ಎತ್ತರ ಮಾಡಿದರೆ ನಾನು ಬರುವುದಿಲ್ಲ ಎಂದು. ಸದ್ಯಕ್ಕೆ 33ರಲ್ಲೇ ಉಂಟು.