ಚಂದ್ರಿಯ ಉಸಿರು

ಕಳೆದ ಆಷಾಢದ ಒಂದು ಬೆಳಗ್ಗೆ. ಶಿರಸಿಯ ನಮ್ಮ ಊರಲ್ಲಿ ನಾಲ್ಕು ದಿನದಿಂದ ಮಳೆ ಹೊಳವಾಗಿರಲಿಲ್ಲ. ನೆನೆಸಿದ ಹುರುಳಿ ತಗೊಂಡು ಕೊಟ್ಟಿಗೆಗೆ ಹೋದೆ. ಬಕೆಟ್ ಸದ್ದಿಗೇ ಕೆನೆಯುವ ನಮ್ಮ ಕುದುರೆ ಚಂದ್ರಿ ಅವತ್ತು ನನ್ನ ಕಡೆ ತಿರುಗಲೇ ಇಲ್ಲ. ಕತ್ತು ಮುಂದಕ್ಕೆ ಚಾಚಿ ನಿಂತಿದ್ದಳು. ಮೂಗಿನ ಹೊಳ್ಳೆ ಅಗಲವಾಗಿ ಅರಳಿತ್ತು. ಉಸಿರು ಬಿಡುವಾಗ ಹೊಟ್ಟೆ ಒಮ್ಮೆ ಒತ್ತಿ, ಸಾಲದೆ ಇನ್ನೊಮ್ಮೆ ಒತ್ತುತ್ತಿತ್ತು.

ಪಕ್ಕೆಯ ಮೇಲೆ ಕೈ ಇಟ್ಟು ಎಣಿಸಿದೆ. ನಿಮಿಷಕ್ಕೆ 36. ಸುಮ್ನೆ ನಿಂತ ಕುದುರೆಗೆ 8ರಿಂದ 16 ಇರಬೇಕು. ಕುದುರೆ ನಮ್ಮ ಹಾಗೆ ಬಾಯಿಂದ ಉಸಿರಾಡೋದಿಲ್ಲ, ಮೂಗೊಂದೇ ದಾರಿ. ಅದು ನೆನಪಾಗಿ ನನ್ನ ಕೈ ನಡುಗಿತು.

ಅವಳಿಗೆ ನುಸಿಯ ಅಲರ್ಜಿ ಇರೋದು ಗೊತ್ತಿತ್ತು. ನುಸಿ ಕಡಿದರೆ ಅದರ ಜೊಲ್ಲು ಅವಳ ಮೈಗೆ ಆಗದು. ಮಳೆಗಾಲ ಬಂತೆಂದರೆ ಬಾಲದ ಬುಡ, ಕತ್ತಿನ ಕೂದಲು ಎಲ್ಲಾ ಕಂಬಕ್ಕೆ ಉಜ್ಜಿ ಉಜ್ಜಿ ರಕ್ತ ಬರಿಸಿಕೊಳ್ಳುತ್ತಿದ್ದಳು. ನುಸಿ ಏಳೋದು ಮುಸ್ಸಂಜೆ ಮತ್ತು ನಸುಕಿನಲ್ಲಿ. ಅದಕ್ಕೇ ಕತ್ತಲಾಗುವ ಮೊದಲೇ ಒಳಗೆ ಕಟ್ಟಿ, ಕಿಟಕಿಗೆ ತಾಡಪಾಲು ಬಿಗಿದಿದ್ದೆ. ಕಾಲಡಿಗೆ ದಪ್ಪಗೆ ದರಕು, ಅಂದರೆ ಉದುರಿದ ಒಣ ಎಲೆ, ಹಾಸಿದ್ದೆ. ಆಯಿ ದಿನಾ ಸಂಜೆ ದನಗಳಿಗೆ ಹಾಕುವ ಹಾಗೆ ಇವಳಿಗೂ ಹೊಗೆ ಹಾಕುತ್ತಿದ್ದಳು.

ಡಾಕ್ಟ್ರು ಬಂದಾಗ ಹನ್ನೊಂದು ಗಂಟೆ. ಜ್ವರ ನೋಡಿದರು, ಇರಲಿಲ್ಲ. ಎದೆಗೆ ಸ್ಟೆತಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದರು. ಆಮೇಲೆ ತಾಡಪಾಲು ಸರಿಸಿ, ಬಾನಿಯಿಂದ ಒಂದು ಹಿಡಿ ಒಣಹುಲ್ಲು ತೆಗೆದು ಬೆಳಕಿಗೆ ಹಿಡಿದು ಕೊಡವಿದರು. ಬೂದಿ ಬಣ್ಣದ ಧೂಳು ಹೊಗೆಯ ಹಾಗೆ ಎದ್ದಿತು. ಹುಲ್ಲು ಹೊರಗಿಂದ ಹಳದಿಯಾಗೇ ಇತ್ತು, ಒಳಗೆಲ್ಲ ಬೂಸ್ಟು. ದರಕಿಗೂ ಅದೇ ಮುಗ್ಗಲು ವಾಸನೆ.

"ಇದು ಕುದುರೆಯ ಅಸ್ತಮಾ. ಈ ಹುಲ್ಲು, ಈ ಹೊಗೆ ಹೀಗೇ ಇದ್ರೆ ನನ್ನ ಇಂಜೆಕ್ಷನ್ ಎಷ್ಟು ದಿನ ತಡೀತದೆ?" ಅಂದರು. ಸ್ಟೆರಾಯ್ಡ್ ಕೊಟ್ಟರು. ಅದು ಜಾಸ್ತಿಯಾದರೆ ಗೊರಸಿನ ಒಳಗೆ ಉರಿಯೂತ ಬರಬಹುದು, ಕುದುರೆ ಕುಂಟುತ್ತದೆ, ನೀವಾಗೇ ತಂದು ಹಾಕಬೇಡಿ ಅಂತ ಎರಡು ಸಲ ಹೇಳಿದರು.

ಆಯಿ ಬಾಗಿಲಲ್ಲೇ ನಿಂತಿದ್ದಳು. "ಹೊಗೆ ಹಾಕದೇ ಇದ್ರೆ ನುಸಿ ತಿಂದು ಹಾಕ್ತು ತಮಾ" ಅಂದಳು. ಅವಳು ಹೇಳಿದ್ದು ಸುಳ್ಳಲ್ಲ. ಚರ್ಮ ಉಳಿಸೋಕೆ ಬಾಗಿಲು ಮುಚ್ಚಬೇಕು, ಶ್ವಾಸಕೋಶ ಉಳಿಸೋಕೆ ತೆರೆಯಬೇಕು. ಒಂದೇ ಕುದುರೆ! ಮಧ್ಯಾಹ್ನ ಊಟ ಸೇರಲಿಲ್ಲ.

ದಾರಿ ತೋರಿಸಿದ್ದೂ ಡಾಕ್ಟ್ರೇ. ನುಸಿ ಬಹಳ ಬಡಕಲು ಹುಳ, ಜೋರು ಗಾಳಿ ಇದ್ದಲ್ಲಿ ಹಾರಲಾರದು. ಅವತ್ತೇ ಸಂಜೆ ತಾಡಪಾಲು ಕಿತ್ತು, ಎರಡು ಫ್ಯಾನ್ ಕಟ್ಟಿದೆ. ದರಕು ಎಲ್ಲಾ ಗೊಬ್ಬರಗುಂಡಿಗೆ ಹೋಯಿತು. ಅದರ ಜಾಗಕ್ಕೆ ರಬ್ಬರ್ ಹಾಸು ಬಂತು. ಬೂಸ್ಟು ಹಿಡಿದ ಹುಲ್ಲನ್ನು ತೊಳೆದು ಉಪಯೋಗಿಸುವ ಹಾಗಿಲ್ಲ, ಎಸೆದೇ ಬಿಟ್ಟೆ. ಒಳ್ಳೆ ಹುಲ್ಲನ್ನೂ ಅರ್ಧ ಗಂಟೆ ನೀರಲ್ಲಿ ಮುಳುಗಿಸಿ, ಸೋರಿಸಿ, ಒದ್ದೆ ಇರುವಾಗಲೇ ಹಾಕುತ್ತೇನೆ. ಧೂಳು ಏಳೋದಿಲ್ಲ. ತಿಂದು ಉಳಿದದ್ದನ್ನು ಮಾತ್ರ ಅದೇ ದಿನ ತೆಗೆಯಬೇಕು, ನಮ್ಮ ಮಳೆಗಾಲದಲ್ಲಿ ಅದು ಬೇಗ ಹುಳಿ ಬರುತ್ತದೆ.

ಕರೆಂಟ್ ಹೋದ ರಾತ್ರಿಗಳಿಗೆ ಆಯಿ ತನ್ನ ಎರಡು ಹಳೇ ನೂಲಿನ ಸೀರೆ ಸೇರಿಸಿ ಕತ್ತಿನಿಂದ ಬಾಲದವರೆಗೆ ಹೊದಿಕೆ ಹೊಲಿದಳು. ಚಂದ್ರಿ ಮೊದಲ ದಿನ ಅದರ ಅಂಚು ಕಚ್ಚಿ ಹರಿದಳು, ಆಯಿ ಮತ್ತೆ ಹೊಲಿದಳು.

ಮೂರು ವಾರ ಜೀನು ಹಾಕಲಿಲ್ಲ. ಅಂಗಳದಲ್ಲಿ ಬರೀ ನಡೆಸುತ್ತಿದ್ದೆ. ಉಸಿರು 36ರಿಂದ 24ಕ್ಕೆ ಬಂತು, ಆಮೇಲೆ 18. ಚೌತಿಯ ಹೊತ್ತಿಗೆ 14. ಈಗಲೂ ದಿನಾ ಬೆಳಗ್ಗೆ ಎಣಿಸುತ್ತೇನೆ. ಕೊಟ್ಟಿಗೆಯಿಂದ ಬಂದು ಕಾಲು ತೊಳೆಯುವಾಗ ಒಳಗಿನಿಂದ ಆಯಿ ಕೇಳುತ್ತಾಳೆ, "ಇವತ್ತು ಎಷ್ಟು?"