ತ್ಯೂಚೆವ್: ಮೂರು ಸಲ ‘ಸುಮ್ಮನಿರು’, ಮೂರು ಸಲ ‘ಕಾಣುತ್ತೇನೆಯೇ’

ಆಗಸ್ಟ್ 3, 2024, ಶನಿವಾರ

ರಷ್ಯದ ಕವಿ ಫ್ಯೋದರ್ ತ್ಯೂಚೆವ್ ತನ್ನ ಹನ್ನೆರಡು ಸಾಲಿನ ಶೋಕಗೀತೆ ಬರೆದದ್ದು 1865ರ ಆಗಸ್ಟ್ 3ರಂದು. ಅದು ರಷ್ಯದ ಹಳೆಯ ಪಂಚಾಂಗದ ಲೆಕ್ಕ. ಈಗಿನ ಲೆಕ್ಕಕ್ಕೆ ಆಗಸ್ಟ್ 15. ಮರುದಿನಕ್ಕೆ ಯೆಲೆನಾ ದೆನೀಸ್ಯೆವಾ ಕ್ಷಯದಿಂದ ತೀರಿಕೊಂಡು ಒಂದು ವರ್ಷ. ಹದಿನಾಲ್ಕು ವರ್ಷದ ಸಂಬಂಧ ಅದು. ಆತನಿಗೆ ಮನೆಯಲ್ಲಿ ಹೆಂಡತಿಯಿದ್ದಳು. ಆದರೂ ಪೀಟರ್ಸ್‌ಬರ್ಗಿನ ದೊಡ್ಡ ಮನೆಗಳ ಬಾಗಿಲು ಮುಚ್ಚಿದ್ದು ದೆನೀಸ್ಯೆವಾಳಿಗೆ, ಆತನಿಗಲ್ಲ.

ಈ ಪದ್ಯ ಓದುವ ಮೊದಲು ಆತನದೇ ‘ಸಿಲೆನ್ಶಿಯಂ’ (ಲ್ಯಾಟಿನ್‌ನಲ್ಲಿ ‘ಮೌನ’) ಓದಬೇಕು. ಅದು ಅಚ್ಚಾದದ್ದು 1833ರಲ್ಲಿ, ತ್ಯೂಚೆವ್ ಮ್ಯೂನಿಕ್‌ನ ರಾಯಭಾರ ಕಚೇರಿಯಲ್ಲಿದ್ದಾಗ. ಆರಾರು ಸಾಲಿನ ಮೂರು ಚರಣ, ಸಾಲಿಗೆ ಎಂಟು ಅಕ್ಷರ. ಮೂರು ಚರಣವೂ ‘ಮಲ್ಚೀ’, ಅಂದರೆ ‘ಸುಮ್ಮನಿರು’ ಎಂದೇ ಮುಗಿಯುತ್ತವೆ. ಒತ್ತು ಬೀಳುವುದು 2, 4, 6, 8ನೇ ಅಕ್ಷರಗಳ ಸ್ಥಾನದಲ್ಲಿ. ಆದರೆ ಭಾವಗಳು ಇರುಳಿನ ನಕ್ಷತ್ರಗಳಂತೆ ಸದ್ದಿಲ್ಲದೆ ಮೂಡಿ ಮುಳುಗಲಿ ಎನ್ನುವ ಎರಡು ಸಾಲಿನಲ್ಲಿ ಒತ್ತು 2, 5, 8ಕ್ಕೆ ಜಾರುತ್ತದೆ. ನಾಲ್ಕರ ನಡೆಯಾದ ಚತುರಶ್ರದಲ್ಲಿ ಹೋಗುತ್ತಿದ್ದ ಹಾಡು ತಟ್ಟನೆ ಮೂರರ ನಡೆಯಾದ ತಿಶ್ರಕ್ಕೆ ಹೊರಳಿದ ಹಾಗೆ. ಕೊನೆಯ ಚರಣದಲ್ಲೂ ಒಂದು ಸಾಲು ಹೀಗೆಯೇ ಹೊರಳುತ್ತದೆ.

ತ್ಯೂಚೆವ್‌ನ 1854ರ ಸಂಕಲನವನ್ನು ಸಂಪಾದಿಸಿದವನು ಕಾದಂಬರಿಕಾರ ತುರ್ಗೆನೆವ್. ತ್ಯೂಚೆವ್‌ಗೆ ಓದುಗರನ್ನು ತಂದುಕೊಟ್ಟ ಪುಸ್ತಕ ಅದು, ಆ ಋಣ ದೊಡ್ಡದು. ಆದರೆ ಅದರಲ್ಲಿ ಈ ಮೂರೂ ಸಾಲು ‘ಸರಿ’ಯಾಗಿ ಅಚ್ಚಾದವು. ಲಯ ನೆಟ್ಟಗಾಯಿತು, ‘ಸದ್ದಿಲ್ಲದೆ’ ಎಂಬ ಪದ ಬಿದ್ದುಹೋಗಿ ‘ಹೊಳೆವ’ ನಕ್ಷತ್ರ ಬಂತು. ಮೌನದ ಪದ್ಯದಿಂದ ಮೌನವನ್ನೇ ಕಿತ್ತ ಹಾಗೆ! ಹಳೆಯ ಪಾಠವನ್ನೇ ಹುಡುಕಿ ಓದಿ.

ಕನ್ನಡಕ್ಕೆ ತರುವಾಗ ತೊಡಕು ‘ಮಲ್ಚೀ’ಯದೇ. ಎರಡೇ ಅಕ್ಷರ, ಒತ್ತು ಕೊನೆಗೆ, ಬಾಗಿಲಿಗೆ ಅಗಳಿ ಬಿದ್ದಂತೆ. ‘ಸುಮ್ಮನಿರು’ ಕೊನೆಯಲ್ಲಿ ಸಡಿಲವಾಗುತ್ತದೆ. ‘ತೆಪ್ಪಗಿರು’ ಬೈಗುಳ. ‘ಮೌನವಾಗಿರು’ ಎಂದರೆ ಉಪದೇಶ. ನನ್ನ ಆಯ್ಕೆ ‘ಸುಮ್ಮನಿರು’, ಆದರೆ ಅದಕ್ಕೆ ಮುಂಚೆ ಒಂದು ನಿಲುಗಡೆ ಬೇಕು. ಮೂಲದಲ್ಲೂ ಅಲ್ಲೊಂದು ಅಡ್ಡಗೆರೆ ಇದೆ.

ಹಾಗೆ ‘ಸುಮ್ಮನಿರು’ ಎಂದವನೇ 1865ರ ಶೋಕಗೀತೆಯಲ್ಲಿ, ಅರವತ್ತೊಂದನೇ ವಯಸ್ಸಿನಲ್ಲಿ, ದೊಡ್ಡ ರಸ್ತೆಯ ಬದಿಗೆ ಕಾಲೆಳೆಯುತ್ತ, ಮೂರು ಸಲ ಬಾಯಿಬಿಟ್ಟು ಕೇಳುತ್ತಾನೆ: ಕಾಣುತ್ತೇನೆಯೇ ನಿನಗೆ? ಮೊದಲ ಚರಣದಲ್ಲಿ ಬೆಳಕು ಆರುತ್ತಿದೆ, ಎರಡನೆಯದರಲ್ಲಿ ಕೊನೆಯ ಮಿನುಗೂ ಹೋಗಿದೆ, ಮೂರನೆಯದರಲ್ಲಿ ‘ನಾಳೆ, ನಾಳೆ’. ಮೊದಲು ‘ಗೆಳತಿ’ ಎಂದು ಕರೆದವನು ಆಮೇಲೆ ‘ನನ್ನ ದೇವದೂತೆ’ ಎನ್ನುತ್ತಾನೆ. ಮೂರು ಚರಣಕ್ಕೂ ಒಂದೇ ಪ್ರಾಸದ ಜೋಡಿ: ‘ದ್ನ್ಯಾ’, ‘ಮೆನ್ಯಾ’; ‘ಹಗಲಿನ’, ‘ನನ್ನನ್ನು’. ಅನುವಾದದಲ್ಲಿ ಬೇಸರವಾದೀತೆಂದು ಪ್ರಾಸ ಬದಲಿಸಿದರೆ ಪದ್ಯ ಕೆಟ್ಟಿತು. ಅವನ ತಲೆಯಲ್ಲಿ ಬೇರೆ ಪದಗಳೇ ಉಳಿದಿಲ್ಲ.

‘ನನ್ನನ್ನು ನೋಡುತ್ತೀಯಾ’ ಎಂದರೂ ತಪ್ಪು, ಅದು ಕರೆದಂತಾಗುತ್ತದೆ. ಇಲ್ಲಿ ‘ಕಾಣು’ ಬೇಕು. ಮೂಲದಲ್ಲಿ ಸಾಲಿನ ಕೊನೆಗೆ ಬರುವುದು ಅವನೇ. ಕನ್ನಡದಲ್ಲೂ ಅದು ಹಾಗೇ ಕೂರುತ್ತದೆ: ‘ನಿನಗೆ ಕಾಣುತ್ತೇನೆಯೇ ನಾನು?’